ಬಿದ್ದುಹೋಗುವ ಮೊದಲು ಅಳೆದಿಡು

ಗೆಳೆಯಾ,

ಪಾಳುಬಿದ್ದ ಹಳೆಯ ಕಟ್ಟಡಗಳನ್ನು ನೋಡಲು ಹೊರಟಿದ್ದೇನೆ, ಯಾವ ಕ್ಯಾಮೆರಾ ಒಳ್ಳೆಯದು ಎಂದು ಕೇಳಿದ್ದೀಯ. ಕೈಯಲ್ಲಿರುವ ಫೋನೇ ಸಾಕು. ಅದಕ್ಕಿಂತ ಮುಖ್ಯವಾಗಿ ಅಳತೆ ಟೇಪು, ಪೆನ್ಸಿಲ್ಲು, ಗಟ್ಟಿ ರಟ್ಟಿನ ಪುಸ್ತಕ ಇಟ್ಟುಕೋ. ಪೆನ್ನು ಬೇಡ, ತೇವಕ್ಕೆ ಶಾಯಿ ಹರಡುತ್ತದೆ. ಅಳತೆಯೂ ಜಾಗದ ವಿವರವೂ ಇಲ್ಲದ ಫೋಟೊ ಚೆಂದಕ್ಕಾಯಿತೇ ಹೊರತು ದಾಖಲೆಯಾಗುವುದಿಲ್ಲ.

ಪ್ಯಾರಿಸಿನ ನೋತ್ರ್ ದಾಮ್ ಚರ್ಚನ್ನೇ ನೋಡು. ಅದರ ಮಾಡಿನ ಮರದ ಚೌಕಟ್ಟು 2019ರ ಏಪ್ರಿಲ್ 15ರಂದು ಸುಟ್ಟುಹೋಯಿತು. ಅದಕ್ಕೆ ಐದು ವರ್ಷ ಮೊದಲೇ, 2014ರಲ್ಲಿ, ರೆಮಿ ಫ್ರೊಮೊಂ ಮತ್ತು ಸೆದ್ರಿಕ್ ತ್ರಾಂತ್ಸೊ ಎಂಬ ವಾಸ್ತುಶಿಲ್ಪಿಗಳು ಆ ಚೌಕಟ್ಟನ್ನು ಅಳೆದು ನಕ್ಷೆ ಬರೆದಿಟ್ಟಿದ್ದರು. ಆಂಡ್ರ್ಯೂ ಟ್ಯಾಲನ್ ಎಂಬ ಕಲಾ ಇತಿಹಾಸಕಾರ ಇಡೀ ಚರ್ಚನ್ನು ಲೇಸರ್ ಸ್ಕ್ಯಾನ್ ಮಾಡಿದ್ದ. ಮತ್ತೆ ಕಟ್ಟುವವರಿಗೆ ಇವೆಲ್ಲ ಕೈಗೆ ಸಿಕ್ಕವು. ಬೆಂಕಿ ಬೀಳುತ್ತದೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಾಲೀಕರ ಒಪ್ಪಿಗೆ ಪಡೆದೇ ಒಳಗೆ ಹೋಗು. ಒಬ್ಬನೇ ಹೋಗಬೇಡ, ಎಷ್ಟು ಹೊತ್ತಿಗೆ ವಾಪಸು ಬರುತ್ತೀಯೆಂದು ಹೊರಗಿನವರೊಬ್ಬರಿಗೆ ಹೇಳಿರು. ಮರದ ತೊಲೆ ಮೊದಲು ಲಡ್ಡಾಗುವುದು ಗೋಡೆಯೊಳಗೆ ಸೇರಿಕೊಂಡ ತುದಿಯಲ್ಲಿ; ಗೋಡೆಯ ತೇವವೆಲ್ಲ ಅಲ್ಲಿಗೇ ಇಳಿಯುತ್ತದೆ. ನಡುಭಾಗ ಗಟ್ಟಿಯಾಗಿ ಕಂಡರೂ ನಂಬಬೇಡ. ತುದಿಗೆ ಸ್ಕ್ರೂಡ್ರೈವರ್ ಒತ್ತಿ ನೋಡು, ಸಲೀಸಾಗಿ ಒಳಕ್ಕಿಳಿದರೆ ಆ ಮಹಡಿ ಹತ್ತಲೇಬೇಡ. ಬಾವಲಿ, ಪಾರಿವಾಳಗಳ ಹಿಕ್ಕೆ ರಾಶಿ ಬಿದ್ದಲ್ಲಿ ಎನ್95 ಮಾಸ್ಕ್ ಹಾಕಿಕೋ, ಗುಡಿಸಲು ಹೋಗಬೇಡ. ಅದರಲ್ಲಿ ಬೆಳೆಯುವ ಶಿಲೀಂಧ್ರದ ಕಣಗಳು ಧೂಳಿನ ಜೊತೆ ಎದ್ದು ಶ್ವಾಸಕೋಶ ಸೇರುತ್ತವೆ. ಹಾಳುಬಾವಿಗೂ ಗಾಳಿಯಾಡದ ನೆಲಮಾಳಿಗೆಗೂ ಇಳಿಯಲೇ ಕೂಡದು. ಅಲ್ಲಿ ಆಮ್ಲಜನಕ ಕಡಿಮೆಯಿದ್ದರೆ ಮೂಗಿಗೆ ಗೊತ್ತಾಗುವುದೇ ಇಲ್ಲ.

ಅಳತೆಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಗೋಡೆಯ ಮೂಲೆಯಿಂದ ಕಿಟಕಿಗೆ ಒಂದು ಸಲ, ಕಿಟಕಿಯಿಂದ ಬಾಗಿಲಿಗೆ ಇನ್ನೊಂದು ಸಲ ಅಂತ ತುಂಡುತುಂಡಾಗಿ ಅಳೆದರೆ ಪ್ರತಿ ತುಂಡಿನ ತಪ್ಪೂ ಕೂಡುತ್ತಾ ಹೋಗುತ್ತದೆ. ಟೇಪಿನ ಸೊನ್ನೆಯನ್ನು ಒಂದೇ ಮೂಲೆಯಲ್ಲಿ ನಿಲ್ಲಿಸಿ, ಟೇಪನ್ನು ಜೋಲು ಬೀಳದಂತೆ ಎಳೆದು, ಕಿಟಕಿಯ ಎರಡೂ ಅಂಚು, ಬಾಗಿಲಿನ ಎರಡೂ ಅಂಚು, ಕೊನೆಯ ಮೂಲೆ ಎಲ್ಲವನ್ನೂ ಒಂದೇ ಓಟದಲ್ಲಿ ಓದಿಕೋ. ಹಳೆಯ ಕೋಣೆಗಳು ನೋಡಲು ಚೌಕವಾಗಿದ್ದರೂ ಬಹಳಷ್ಟು ಸಲ ಚೌಕವಾಗಿರುವುದಿಲ್ಲ. ಅದಕ್ಕೇ ಎದುರುಬದುರು ಮೂಲೆಗಳ ನಡುವಿನ ಎರಡೂ ಕರ್ಣಗಳನ್ನು ಅಳೆಯಲೇಬೇಕು. ಅವಿಲ್ಲದೆ ಮನೆಗೆ ಬಂದು ನಕ್ಷೆ ಬರೆಯಲು ಕೂತರೆ ಮೂಲೆಗಳು ಕೂಡುವುದಿಲ್ಲ. ಗೋಡೆಯ ದಪ್ಪ ಬಾಗಿಲ ಸಂದಿನಲ್ಲಿ ಸಿಗುತ್ತದೆ. ಇಟ್ಟಿಗೆಯಾದರೆ ಒಂದನ್ನೇ ಅಳೆಯುವ ಬದಲು ಹತ್ತು ವರಸೆಗಳ ಒಟ್ಟು ಎತ್ತರ ಬರೆದುಕೋ. ಇಟ್ಟಿಗೆಯ ಗಾತ್ರ ಬದಲಾದಲ್ಲಿ ಬಹುಶಃ ಗೋಡೆಯನ್ನು ಆಮೇಲೆ ಕಟ್ಟಿದ್ದಾರೆ, ಇಲ್ಲವೇ ರಿಪೇರಿ ಮಾಡಿದ್ದಾರೆ.

ಫೋಟೊಗಳನ್ನು ಹೊರಗಿನ ನಾಲ್ಕೂ ಮುಖಗಳಿಂದ ಶುರುಮಾಡಿ, ಒಳಗೆ ಪ್ರತಿ ಕೋಣೆಯ ಪ್ರತಿ ಮೂಲೆಯಿಂದ ಎದುರು ಮೂಲೆಗೆ ತೆಗೆ. ಸೂರು, ನೆಲ, ಚಿಲಕ, ಅಗುಳಿಗಳಿಗೆ ಹತ್ತಿರದ ಚಿತ್ರ ಬೇಕು, ಪಕ್ಕದಲ್ಲೊಂದು ಸ್ಕೇಲ್ ಇರಲಿ. ಈ ಫೋಟೊಗಳನ್ನು ತಂತ್ರಾಂಶದಲ್ಲಿ ಜೋಡಿಸಿ ಕಟ್ಟಡದ ಮೂರು ಆಯಾಮದ ಮಾದರಿ ಮಾಡುವ ಆಸೆಯಿದ್ದರೆ, ಒಂದು ಚಿತ್ರದಲ್ಲಿ ಕಂಡದ್ದರ ಶೇಕಡ 60ರಿಂದ 80ರಷ್ಟು ಭಾಗ ಮುಂದಿನ ಚಿತ್ರದಲ್ಲೂ ಬರುವಂತೆ ತೆಗೆಯಬೇಕು. ನಿಂತಲ್ಲೇ ತಿರುಗಬೇಡ, ಹೆಜ್ಜೆ ಹೆಜ್ಜೆಗೂ ಪಕ್ಕಕ್ಕೆ ಸರಿ. ಜೂಮ್ ಮುಟ್ಟಬೇಡ. ಗಾಜು, ಹೊಳಪಿನ ಲೋಹ, ಗುರುತೇ ಇಲ್ಲದ ಸುಣ್ಣದ ಗೋಡೆ ಇದ್ದಲ್ಲಿ ಮಾದರಿ ಹರಿದುಹೋಗುತ್ತದೆ, ಏಕೆಂದರೆ ಚಿತ್ರಗಳನ್ನು ಹೊಂದಿಸಲು ತಂತ್ರಾಂಶಕ್ಕೆ ಹಿಡಿತವೇ ಸಿಗುವುದಿಲ್ಲ.

ಕಲ್ಲಿನ ಮೇಲೆ ಸವೆದ ಅಕ್ಷರ ಕಂಡರೆ ದಯವಿಟ್ಟು ಸೀಮೆಸುಣ್ಣ, ಹಿಟ್ಟು, ಎಣ್ಣೆ ಏನನ್ನೂ ಸವರಬೇಡ. ಹಿಟ್ಟು ಹುಳುಹುಪ್ಪಟೆ ಕರೆಯುತ್ತದೆ, ಎಣ್ಣೆಯ ಕಲೆ ಕಲ್ಲಿನಿಂದ ಹೋಗುವುದಿಲ್ಲ. ಕತ್ತಲು ಮಾಡಿಕೊಂಡು ಟಾರ್ಚನ್ನು ಕಲ್ಲಿನ ಮೈಗೆ ಹೆಚ್ಚುಕಡಿಮೆ ತಾಗುವಂತೆ ಪಕ್ಕದಿಂದ ಹಿಡಿ. ತಗ್ಗುಗಳಲ್ಲಿ ನೆರಳು ನಿಂತು ಗೀರುಗಳು ಎದ್ದು ಕಾಣುತ್ತವೆ. ಎಡ, ಬಲ, ಮೇಲೆ, ಕೆಳಗೆ, ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ನಾಲ್ಕು ಚಿತ್ರ ತೆಗೆ. ಅಡ್ಡಗೀರು ಒಂದರಲ್ಲಿ ಕಂಡರೆ ಉದ್ದಗೀರು ಇನ್ನೊಂದರಲ್ಲಿ ಕಾಣುತ್ತದೆ. ಸಾಧಾರಣ ಬೆಳಕಿನಲ್ಲಿ ಬರೀ ಉಬ್ಬುತಗ್ಗು ಅನಿಸಿದ್ದು ಹೀಗೆ ಅಕ್ಷರವಾಗಿ ಎದ್ದು ಬರುತ್ತದಲ್ಲ, ಈ ಕೆಲಸದಲ್ಲಿ ನನಗೆ ಅದಕ್ಕಿಂತ ಸಂತೋಷ ಕೊಡುವುದು ಇನ್ನೊಂದಿಲ್ಲ.

ಅಲ್ಲಿ ಬಾಳಿದ ಹಿರಿಯರು ಸಿಕ್ಕರೆ "ಈ ಬಾಗಿಲು ಮೊದಲು ಎಲ್ಲಿತ್ತು? ಮಾಡಿಗೆ ತಗಡು ಬಂದದ್ದು ಯಾವಾಗ?" ಎಂದು ವಸ್ತುಗಳನ್ನು ತೋರಿಸಿ ಕೇಳು. "ಇತಿಹಾಸ ಹೇಳಿ" ಎಂದರೆ ಸಿಗುವುದು ದಂತಕಥೆ.

ಅದೇ ದಿನ ರಾತ್ರಿ ಫೋಟೊಗಳ ಮೂಲ ಪ್ರತಿಯನ್ನು ಎರಡು ಬೇರೆ ಡಿಸ್ಕ್‌ಗಳಿಗೆ ಹಾಕು, ಅವುಗಳಲ್ಲೊಂದು ಬೇರೆ ಮನೆಯಲ್ಲಿರಲಿ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಿದ್ದನ್ನು ಪ್ರತಿ ಎಂದುಕೊಳ್ಳಬೇಡ. ಅದು ಚಿತ್ರವನ್ನು ಕುಗ್ಗಿಸುತ್ತದೆ, ಒಳಗಿನ ಜಾಗ-ಸಮಯದ ಮಾಹಿತಿಯನ್ನೂ ಅಳಿಸುತ್ತದೆ. ಹಂಚಿಕೊಳ್ಳುವಾಗ ಮಾತ್ರ ಜಾಗದ ಗುರುತು ತೆಗೆದೇ ಹಾಕು. ಕಾವಲಿಲ್ಲದ ಕಟ್ಟಡದ ಕೆತ್ತನೆಯ ಬಾಗಿಲು, ವಿಗ್ರಹ ಎಲ್ಲಿದೆಯೆಂದು ಕಳ್ಳರಿಗೆ ನಾವೇ ತೋರಿಸಿಕೊಟ್ಟಂತಾಗಬಾರದು. ಪೂರ್ತಿ ದಾಖಲೆಯ ಒಂದು ಪ್ರತಿ ಮಾಲೀಕರಿಗೂ ಒಂದು ಪ್ರತಿ ಹತ್ತಿರದ ಗ್ರಂಥಾಲಯಕ್ಕೂ ಹೋಗಲಿ.

ಮೊದಲ ನಕ್ಷೆ ಬರೆದಾದ ಮೇಲೆ ಕಳಿಸು, ಕರ್ಣದ ಅಳತೆಗಳ ಸಮೇತ.

ನಿನ್ನ,
ಗೆಳೆಯ