ತಳ್ಳಿದ್ದು ತಂತಿಯನ್ನಾ, ಕರೆಂಟನ್ನಾ?

ಪುಟ್ಟೀ,

ಮೊನ್ನೆ ಫೋನಿನಲ್ಲಿ ನಿನ್ನ ದನಿ ಸಪ್ಪಗಿತ್ತು. ತರಗತಿಯಲ್ಲಿ ನಿಮ್ಮ ಮೇಷ್ಟ್ರು ಅಯಸ್ಕಾಂತದ ನಡುವೆ ತಂತಿ ಇಟ್ಟು ಕರೆಂಟ್ ಬಿಟ್ಟರು, ತಂತಿ ಪಕ್ಕಕ್ಕೆ ಜರುಗಿತು. "ತಳ್ಳಿದ್ದು ತಂತಿಯನ್ನಾ, ಒಳಗೆ ಹರಿಯೋ ಕರೆಂಟನ್ನಾ?" ಅಂತ ನೀನು ಕೇಳಿದೆ. "ಪರೀಕ್ಷೆಗೆ ಬರೋದನ್ನ ಓದು" ಅಂದರಂತೆ. ನನಗೆ ತುಂಬಾ ಬೇಜಾರಾಯಿತು. ಅದು ಎಷ್ಟು ಒಳ್ಳೆ ಪ್ರಶ್ನೆ ಗೊತ್ತಾ?

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಎಡ್ವಿನ್ ಹಾಲ್ ಅಂತ ಒಬ್ಬ ಹುಡುಗ ಓದುತ್ತಿದ್ದ. ಅವನೂ ಇದನ್ನೇ ಕೇಳಿದ್ದ. ಬಲ ಬೀಳುವುದು ತಂತಿಯ ಮೇಲೆ, ಕರೆಂಟಿನ ಮೇಲಲ್ಲ ಅಂತ ವಿಜ್ಞಾನಿ ಮ್ಯಾಕ್ಸ್‌ವೆಲ್ 1873ರ ಪುಸ್ತಕದಲ್ಲಿ ಬರೆದಿದ್ದರು. ಮ್ಯಾಕ್ಸ್‌ವೆಲ್ ಅಂದರೆ ಸಾಮಾನ್ಯರಲ್ಲ. ಆದರೂ ಹಾಲ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಕರೆಂಟ್ ಇಲ್ಲದಿದ್ದರೆ ತಂತಿ ಅಲ್ಲಾಡುವುದೇ ಇಲ್ಲ, ಕರೆಂಟ್ ಜಾಸ್ತಿಯಾದಷ್ಟೂ ಬಲ ಜಾಸ್ತಿ. ಹಾಗಿದ್ದ ಮೇಲೆ ಬಲ ತಂತಿಗೆ ಹೇಗೆ? ತನ್ನ ಮೇಷ್ಟ್ರು ರೋಲ್ಯಾಂಡ್ ಅವರನ್ನು ಕೇಳಿದ. ಅವರಿಗೂ ಅದೇ ಅನುಮಾನವಿತ್ತು. ಪ್ರಯೋಗ ಮಾಡಿಯೂ ನೋಡಿದ್ದರು, ಫಲ ಸಿಕ್ಕಿರಲಿಲ್ಲ. ಅಂಥ ಮೇಷ್ಟ್ರು ಸಿಗಬೇಕು ನೋಡು.

ಹಾಲ್ ಮೊದಲು ತಂತಿಯಲ್ಲೇ ಪ್ರಯತ್ನಿಸಿದ, ಏನೂ ಕಾಣಲಿಲ್ಲ. ಆಮೇಲೆ ಗಾಜಿನ ಮೇಲೆ ಬಂಗಾರದ ಹಾಳೆ ಅಂಟಿಸಿದ. ಮಿಠಾಯಿ ಮೇಲೆ ಬೆಳ್ಳಿ ಹಾಳೆ ಹಾಕುತ್ತಾರಲ್ಲ, ಆ ಥರ ತೆಳ್ಳಗಿನದು. ಉದ್ದಕ್ಕೆ ಕರೆಂಟ್ ಹರಿಸಿ, ಎರಡು ಅಂಚಿಗೂ ಗ್ಯಾಲ್ವನೋಮೀಟರ್ (ಚೂರು ಕರೆಂಟನ್ನೂ ತೋರಿಸುವ ಉಪಕರಣ) ಜೋಡಿಸಿ, ಅಯಸ್ಕಾಂತದ ನಡುವೆ ಇಟ್ಟ. 1879ರ ಅಕ್ಟೋಬರ್ 28ರಂದು ಗ್ಯಾಲ್ವನೋಮೀಟರಿನ ಸೂಚಕ ಜರುಗಿತು, ಜರುಗಿ ಹಾಗೇ ನಿಂತಿತು! ಆಗ ಅವನಿಗಿನ್ನೂ 24 ತುಂಬಿರಲಿಲ್ಲ.

ಆಗಿದ್ದು ಇಷ್ಟು. ಲೋಹದಲ್ಲಿ ಕರೆಂಟ್ ಅಂದರೆ ಎಲೆಕ್ಟ್ರಾನ್ ಅನ್ನುವ ಪುಟಾಣಿ ಕಣಗಳ ಹರಿವು. ಹರಿಯುವ ಎಲೆಕ್ಟ್ರಾನ್‌ಗಳನ್ನು ಅಯಸ್ಕಾಂತ ಒಂದು ಅಂಚಿಗೆ ದಬ್ಬುತ್ತದೆ. ಅವು ಅಲ್ಲಿ ಗುಂಪುಗೂಡುತ್ತವೆ, ಎದುರು ಅಂಚಿನಲ್ಲಿ ಕಡಿಮೆಯಾಗುತ್ತವೆ. ಹೀಗೆ ಎರಡು ಅಂಚಿನ ನಡುವೆ ವೋಲ್ಟೇಜ್ ಹುಟ್ಟುತ್ತದೆ. ಹಾಳೆ ತೆಳ್ಳಗಾದಷ್ಟೂ ಅದು ಜಾಸ್ತಿ. ಎಲೆಕ್ಟ್ರಾನ್ ಅನ್ನುವುದೊಂದಿದೆ ಅಂತ ತಿಳಿದದ್ದೇ 1897ರಲ್ಲಿ, ಅಂದರೆ 18 ವರ್ಷ ಆದಮೇಲೆ! ನಿನ್ನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಅಯಸ್ಕಾಂತ ತಳ್ಳುವುದು ಕರೆಂಟನ್ನು. ಎಲೆಕ್ಟ್ರಾನ್‌ಗಳು ಲೋಹ ಬಿಟ್ಟು ಆಚೆ ಹೋಗಲಾರವು, ಅದಕ್ಕೇ ತಂತಿಯನ್ನೂ ತಮ್ಮ ಜೊತೆ ಎಳೆದುಕೊಂಡು ಹೋಗುತ್ತವೆ.

ಇದು ನನ್ನ ದಿನದ ಕೆಲಸವೂ ಹೌದು. ನಿನ್ನೆ ಗ್ಯಾರೇಜಿಗೆ ಎಲೆಕ್ಟ್ರಿಕ್ ಸ್ಕೂಟರ್ ಒಂದು ಬಂತು. ಆಕ್ಸಿಲರೇಟರ್ ತಿರುವಿದರೂ ಮುಂದಕ್ಕೆ ಹೋಗುತ್ತಿರಲಿಲ್ಲ. ಹಿಡಿ ಬಿಚ್ಚಿದೆ. ಒಳಗೆ ಬಾಗಿದ ಪುಟ್ಟ ಅಯಸ್ಕಾಂತ, ಅದರ ಎದುರಿಗೆ ಹೆಸರುಕಾಳಿನಷ್ಟು ಕಪ್ಪು ತುಣುಕು, ಅದಕ್ಕೆ ಮೂರು ಕಾಲು. ಅದೇ ಹಾಲ್ ಸೆನ್ಸರ್. ಹಿಡಿ ತಿರುವಿದಾಗ ಅಯಸ್ಕಾಂತ ಎಷ್ಟು ಜರುಗಿತು ಅಂತ ಅದು ವೋಲ್ಟೇಜಿನಲ್ಲಿ ಹೇಳುತ್ತದೆ. ಬಂಗಾರದ ಬದಲು ಅದರಲ್ಲಿ ಸೆಮಿಕಂಡಕ್ಟರ್, ಅಂದರೆ ಲೋಹದಷ್ಟು ಸಲೀಸಾಗಿ ಕರೆಂಟ್ ಹರಿಸದ ವಸ್ತು ಇರುತ್ತದೆ. ಓಡಾಡುವ ಎಲೆಕ್ಟ್ರಾನ್‌ಗಳು ಅದರಲ್ಲಿ ಕಡಿಮೆ, ಅದಕ್ಕೇ ವೋಲ್ಟೇಜ್ ಜಾಸ್ತಿ ಸಿಗುತ್ತದೆ. ಒಂದು ಕಾಲು ತುಕ್ಕು ಹಿಡಿದು ಮುರಿದಿತ್ತು. ಹೊಸದು ಬೆಸುಗೆ ಹಾಕಿ ಮೀಟರ್ ಹಿಡಿದೆ. ಸುಮ್ನೆ ಬಿಟ್ಟಾಗ 0.8 ವೋಲ್ಟ್. ತಿರುವುತ್ತಾ ಹೋದಂತೆ ಏರಿ ಏರಿ 4ರ ಹತ್ತಿರ ಬಂತು. ಅಂಕಿ ಏರುವಾಗ ನೀನು ಪಕ್ಕದಲ್ಲಿ ಇರಬೇಕಿತ್ತು ಅನಿಸಿತು.

ಅಂಥದ್ದೇ ಇನ್ನೊಂದು ಸೆನ್ಸರ್ ನಿನಗಾಗಿ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ, ಅಯಸ್ಕಾಂತವೂ ಇದೆ. ರಜೆಗೆ ಬಂದಾಗ ಮೀಟರ್ ನೀನೇ ಹಿಡಿ. ಅಯಸ್ಕಾಂತವನ್ನು ಮಗುಚಿ ಹಿಡಿದರೆ ಅಂಕಿ ಏನಾಗುತ್ತದೆ, ಬಸ್ಸಿನಲ್ಲಿ ಬರುವಾಗ ಯೋಚಿಸಿಕೊಂಡು ಬಾ.

ಅಪ್ಪ