ಮೊದಲು ಅಮ್ಮನನ್ನು ಕೇಳಿ

ಮಾನ್ಯರೇ,

ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಮೂವರು ಮಕ್ಕಳೂ ನಾಲ್ಕು ನಾಲ್ಕು ತಿಂಗಳು ಸರದಿಯಂತೆ ನೋಡಿಕೊಳ್ಳುವ ಮಾತು ನಮ್ಮಲ್ಲಿ ಜಗಳಕ್ಕೆ ತಿರುಗಿತ್ತು. ಕೊನೆಗೆ ತರಬೇತಿ ಪಡೆದ ಮಧ್ಯಸ್ಥಗಾರರೊಬ್ಬರ ಮುಂದೆ ಕುಳಿತೆವು. ಅವರು ನಮ್ಮನ್ನು ಹೊರಗೆ ಕಳುಹಿಸಿ, ಅಮ್ಮನಿಗೆ ಚೆನ್ನಾಗಿ ಕೇಳಿಸುವ ಬಲಗಿವಿಯ ಪಕ್ಕ ಕುರ್ಚಿ ಎಳೆದುಕೊಂಡು ಮಾತನಾಡಿಸಿದರು. ಅವಳಿಗೆ ಸರದಿಯೇ ಬೇಡವಾಗಿತ್ತು. ಸಾಗರದ ಮನೆ, ತನ್ನ ಅಡುಗೆಮನೆ, ರಾತ್ರಿ ಜೊತೆಗೆ ಮಲಗಲು ಒಬ್ಬರು, ಇಷ್ಟೇ ಸಾಕಿತ್ತು. ಆ ಸಹಾಯಕಿಯ ಸಂಬಳ ದೊಡ್ಡಣ್ಣನದು, ಕಣ್ಣಾಸ್ಪತ್ರೆಯ ಓಡಾಟ ನನ್ನದು, ಮನೆ ರಿಪೇರಿ ತಮ್ಮನದು. ಅಮ್ಮ ಇರುವತನಕ ಮನೆ ಪಾಲಾಗುವುದಿಲ್ಲ ಎಂಬುದನ್ನೂ ಬರೆದು ಎಲ್ಲರೂ ಸಹಿ ಹಾಕಿದೆವು.

2007ರ ಹಿರಿಯ ನಾಗರಿಕರ ಕಾಯ್ದೆಯಲ್ಲೂ ಇಂಥ ದಾರಿಯಿದೆ. ಮಕ್ಕಳಿಂದ ಜೀವನಾಂಶ ಕೋರಿ ಹಿರಿಯರು ಸಲ್ಲಿಸಿದ ಅರ್ಜಿಯನ್ನು ನ್ಯಾಯಮಂಡಳಿ ವಿಚಾರಣೆಗೆ ಮೊದಲು ಸಂಧಾನಾಧಿಕಾರಿಗೆ ಒಪ್ಪಿಸಬಹುದು. ಅವರು ಒಂದು ತಿಂಗಳೊಳಗೆ ವರದಿ ಕೊಡಬೇಕು. ರಾಜಿಯಾದರೆ ನ್ಯಾಯಮಂಡಳಿ ಅದರಂತೆಯೇ ಆದೇಶ ಹೊರಡಿಸುತ್ತದೆ. ಹೊಡೆತ ಬಡಿತ, ಆಸ್ತಿ ಕಸಿದುಕೊಂಡ ಪ್ರಕರಣಗಳಲ್ಲಿ ಮಾತ್ರ ರಾಜಿಗೆ ಒತ್ತಾಯಿಸುವುದು ಅನ್ಯಾಯ. ಉಳಿದ ಕಡೆ ಈ ನ್ಯಾಯಮಂಡಳಿಯ ಮುಖ್ಯಸ್ಥರಾದ ಉಪವಿಭಾಗಾಧಿಕಾರಿಗಳು ಈ ಅವಕಾಶವನ್ನು ಧಾರಾಳವಾಗಿ ಬಳಸಲಿ. ಸಂಧಾನಕ್ಕೆ ಕುಳಿತವರು ಹಿರಿಯರನ್ನು ಮಕ್ಕಳಿಲ್ಲದ ಕೋಣೆಯಲ್ಲಿ, ಅವಸರವಿಲ್ಲದೆ ಮಾತನಾಡಿಸುವುದನ್ನು ಸರ್ಕಾರ ಕಡ್ಡಾಯಗೊಳಿಸಲಿ.

– ನಿವೃತ್ತ ಶಿಕ್ಷಕಿ, ಶಿವಮೊಗ್ಗ