ನಾಶ ಅಲ್ಲ, ಗುಳೆ

ಮಾನ್ಯ ಸಂಪಾದಕರೇ,

ನನ್ನ ಮೊಮ್ಮಗಳ ಪರೀಕ್ಷೆಯಲ್ಲಿ ಈ ಸಲ ಒಂದು ಪ್ರಶ್ನೆ ಬಂದಿತ್ತು: 'ಹರಪ್ಪ ನಾಗರಿಕತೆಯನ್ನು ನಾಶ ಮಾಡಿದವರು ಯಾರು?' ಅವಳು 'ಯಾರೂ ಮಾಡಲಿಲ್ಲ, ಮಳೆ ಕಮ್ಮಿಯಾಗಿ ಜನ ಬೇರೆ ಕಡೆ ಹೋದರು' ಅಂತ ಬರೆದಿದ್ದಳು. ಸಿಕ್ಕಿದ್ದು ಸೊನ್ನೆ. 'ಆರ್ಯರು' ಅಂತ ಬರೆಯಬೇಕಿತ್ತಂತೆ. ಎರಡು ಅಂಕಕ್ಕೆ ಶಾಲೆಗೆ ಹೋಗಿ ಜಗಳ ಆಡುವ ವಯಸ್ಸು ನನ್ನದಲ್ಲ. ಆದರೆ ಮೂವತ್ತು ವರ್ಷ ಸಮಾಜ ಪಾಠ ಮಾಡಿದವನು ನಾನು. ಅದೇ ಉತ್ತರವನ್ನು ಒಂದು ಕಾಲಕ್ಕೆ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ ಕೂಡ. ಹಾಗಾಗಿ ಸುಮ್ನೆ ಇರಲು ಆಗಲಿಲ್ಲ.

ಆ ಉತ್ತರ ಹುಟ್ಟಿದ್ದು 1940ರ ದಶಕದಲ್ಲಿ. ಮೊಹೆಂಜೊದಾರೊದಲ್ಲಿ ಅಲ್ಲಲ್ಲಿ ಬಿದ್ದಿದ್ದ ಅಸ್ಥಿಪಂಜರಗಳನ್ನು ಇಟ್ಟುಕೊಂಡು ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಒಂದು ಕಗ್ಗೊಲೆಯ ಕಥೆ ಕಟ್ಟಿದರು. ಆರ್ಯರ ದೇವರು ಇಂದ್ರನನ್ನೇ ಆರೋಪಿ ಮಾಡಿದರು! 1964ರಲ್ಲಿ ಅಮೆರಿಕದ ಪುರಾತತ್ವಜ್ಞ ಜಾರ್ಜ್ ಡೇಲ್ಸ್ ಆ ಕಥೆಯನ್ನು ಬಿಚ್ಚಿ ನೋಡಿದರು. ಅಷ್ಟು ದೊಡ್ಡ ಊರಿನಲ್ಲಿ ಸಿಕ್ಕಿದ್ದು 37 ಜನರ ಮೂಳೆ. ಎಲ್ಲರೂ ಒಂದೇ ಕಾಲದವರಲ್ಲ. ಕೋಟೆಯ ಭಾಗದಲ್ಲಿ ಒಂದು ಮೂಳೆಯೂ ಇಲ್ಲ. ಯುದ್ಧ ಆಗಿದ್ದರೆ ಹೆಣ ಬೀಳಬೇಕಾದ್ದು ಅಲ್ಲೇ ಅಲ್ವಾ? ಮುಂದೆ ಹೊರಗಿನಿಂದ ಜನ ಬಂದರೋ ಇಲ್ಲವೋ ಅನ್ನೋದು ಬೇರೆ ಚರ್ಚೆ. ಅದನ್ನು ತಂದು ಇದಕ್ಕೆ ಗಂಟು ಹಾಕುವುದು ಬೇಡ.

ಹಾಗಾದರೆ ಆದದ್ದೇನು? ಕ್ರಿ.ಪೂ. 2600ರಿಂದ 1900ರವರೆಗೆ, ಅಂದರೆ ಏಳುನೂರು ವರ್ಷ, ಆ ಊರುಗಳು ಚೆನ್ನಾಗಿಯೇ ಬಾಳಿದವು. ಎಷ್ಟು ಅಚ್ಚುಕಟ್ಟು ಅಂದರೆ ಹರಪ್ಪದ ಇಟ್ಟಿಗೆಗೂ ನೂರಾರು ಮೈಲಿ ಆಚೆಯ ಇಟ್ಟಿಗೆಗೂ ಒಂದೇ ಲೆಕ್ಕ, ಎತ್ತರ, ಅಗಲ, ಉದ್ದ 1:2:4. ತೂಕದ ಕಲ್ಲುಗಳೂ ಹಾಗೆಯೇ: ಸುಮಾರು 13.7 ಗ್ರಾಂನದು ಒಂದು, ಅದರ ಎರಡರಷ್ಟು, ನಾಲ್ಕರಷ್ಟು, ಹೀಗೆ. ಮೆಲುಹ್ಹ ಅನ್ನುವ ನಾಡಿನ ಹಡಗುಗಳು ತನ್ನ ಅಕ್ಕಾಡ್ ನಗರದ ಕಟ್ಟೆಗೆ ಬಂದು ನಿಂತವು ಅಂತ ಮೆಸೊಪೊಟೇಮಿಯಾದ (ಈಗಿನ ಇರಾಕ್) ರಾಜ ಸಾರ್ಗಾನ್ ಕೊಚ್ಚಿಕೊಂಡಿದ್ದ. ಆ ಮೆಲುಹ್ಹ ಅಂದರೆ ಸಿಂಧೂ ಕಡೆಯೇ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಗುಜರಾತಿನ ಲೋಥಾಲ್ ಅನ್ನುವ ಹರಪ್ಪ ಕಾಲದ ಊರಿನಲ್ಲಿ ಸುಮಾರು 220 ಮೀಟರ್ ಉದ್ದದ ಇಟ್ಟಿಗೆ ಕಟ್ಟಿದ ಹೊಂಡವನ್ನು ಅಗೆದು ತೆಗೆದವರು ನಮ್ಮವರೇ ಆದ ಶಿಕಾರಿಪುರ ರಂಗನಾಥ ರಾವ್. ಅದು ಹಡಗುಕಟ್ಟೆ ಅಂದರು ರಾವ್. ಅಲ್ಲ, ಬರೀ ಕೆರೆ ಅನ್ನುವವರೂ ಇದ್ದಾರೆ. ನನಗೇನೋ ರಾವ್ ಹೇಳಿದ್ದೇ ಸರಿ ಅನಿಸುತ್ತದೆ, ಊರ ಕಡೆಯವರು ಅನ್ನುವ ಮಮಕಾರವೂ ಇರಬಹುದು.

ಅಂಥ ಊರುಗಳು ಹಾಳಾದದ್ದು ಬೆಂಕಿ ಬಿದ್ದಲ್ಲ, ನಿಧಾನಕ್ಕೆ. ಮೊಹೆಂಜೊದಾರೊದ ಮೇಲಿನ ಪದರಗಳನ್ನು ನೋಡಿ. ದೊಡ್ಡ ಮನೆಗಳಿಗೆ ಅಡ್ಡಗೋಡೆ ಹಾಕಿ ಸಣ್ಣ ಸಣ್ಣ ಕೋಣೆ ಮಾಡಿಕೊಂಡಿದ್ದಾರೆ. ಚರಂಡಿಯನ್ನು ಕೇಳುವವರಿಲ್ಲ. ಕುಂಬಾರರ ಆವಿಗೆ ಬೀದಿಗೇ ಬಂದು ಕೂತಿದೆ! ಊರಿನ ಮೇಲೆ ಯಾರಿಗೂ ಹಿಡಿತ ಉಳಿದಿರಲಿಲ್ಲ ಅಂತ ಗೊತ್ತಾಗಲು ಅದೊಂದೇ ಸಾಕು. ಕ್ರಿ.ಪೂ. 2200ರ ಆಸುಪಾಸಿನಲ್ಲಿ ಮುಂಗಾರು ಸೊರಗಿತ್ತು ಅನ್ನುವುದಕ್ಕೆ ಮೇಘಾಲಯದ ಗುಹೆಯಲ್ಲಿ ನೀರು ತೊಟ್ಟಿಕ್ಕಿ ಪದರ ಪದರವಾಗಿ ಬೆಳೆದ ಸುಣ್ಣದ ಗೂಟದಲ್ಲಿ ಗುರುತು ಸಿಕ್ಕಿದೆ. ಘಗ್ಗರ್ ಹೊಳೆಯ ದಂಡೆಯ ಊರುಗಳು ಬರಿದಾದವು. ದೂರದ ವ್ಯಾಪಾರ ಬಿದ್ದುಹೋಯಿತು. ಮುದ್ರೆ, ಲಿಪಿ, ತೂಕದ ಕಲ್ಲು ಒಂದೊಂದಾಗಿ ಮಾಯವಾದವು.

ಜನ ಮಾತ್ರ ಮಾಯವಾಗಲಿಲ್ಲ. ಅದೇ ಹೊತ್ತಿಗೆ ಹರಿಯಾಣ, ಪಶ್ಚಿಮ ಉತ್ತರ ಪ್ರದೇಶದ ಕಡೆ ಸಣ್ಣ ಹಳ್ಳಿಗಳ ಸಂಖ್ಯೆ ಜಾಸ್ತಿಯಾಯಿತು. ಗೋಧಿ, ಬಾರ್ಲಿ ನೆಚ್ಚಿಕೊಂಡಿದ್ದವರು ಮಳೆಗಾಲದ ಭತ್ತ, ಕಿರುಧಾನ್ಯಗಳ ಕಡೆಗೂ ವಾಲಿದರು. ಮಳೆ ಕೈಕೊಟ್ಟ ವರ್ಷ ರಾಯಚೂರು, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಹೊರಡುತ್ತಾರಲ್ಲ, ಅದಕ್ಕೆ ನಾವು 'ಗುಳೆ' ಅನ್ನುತ್ತೇವೆ. ಇವರದೂ ಅದೇ, ಆದರೆ ತಲೆಮಾರುಗಟ್ಟಲೆ ನಡೆದ ಗುಳೆ. ವಾಪಸ್ ಬರಲಿಲ್ಲ ಅಷ್ಟೇ.

ಮೊಮ್ಮಗಳ ಅಂಕ ಹೋದರೆ ಹೋಗಲಿ. ಪ್ರಶ್ನೆಪತ್ರಿಕೆ ತಯಾರಿಸುವವರು ನಿಮ್ಮ ಪತ್ರಿಕೆ ಓದುತ್ತಿದ್ದರೆ ಒಂದು ವಿನಂತಿ: ಮುಂದಿನ ವರ್ಷ ಆ ಪ್ರಶ್ನೆಯಲ್ಲಿ 'ಯಾರು' ಹೊಡೆದುಹಾಕಿ 'ಯಾಕೆ' ಅಂತ ಬರೆಯಿರಿ. ಉತ್ತರಕ್ಕೆ ಇನ್ನೂ ನಾಲ್ಕು ಗೆರೆ ಜಾಗ ಬಿಡಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ, ತಿಪಟೂರು